ಆರನೇ ವರ್ಷದ ದವಡೆ ಹಲ್ಲು



"ಹಾಲುಹಲ್ಲು ತಾನೇ, ಬಿದ್ದುಹೋಗುತ್ತದೆ ಬಿಡಿ" ಎನ್ನುವುದು ನಮ್ಮ ಮನೆಗಳಲ್ಲಿ ಸಾಮಾನ್ಯ ಮಾತು. ಆದರೆ ಸುಮಾರು 6ನೇ ವಯಸ್ಸಿನಲ್ಲಿ ಹಾಲುಹಲ್ಲುಗಳ ಹಿಂದೆ ನಾಲ್ಕು ಹೊಸ ದವಡೆ ಹಲ್ಲುಗಳು ಮೂಡುತ್ತವೆ. ಇವು ಶಾಶ್ವತ ಹಲ್ಲುಗಳು. ಹಾಲುಹಲ್ಲೆಂದು ತಿಳಿದು ಹುಳುಕನ್ನು ಕಡೆಗಣಿಸಿ ಕೊನೆಗೆ ಕೀಳಿಸಿದರೆ ಆ ಜಾಗದಲ್ಲಿ ಮತ್ತೆ ಹಲ್ಲು ಬರುವುದಿಲ್ಲ.

ಹುಳುಕು ಶುರುವಾದಾಗ ನೋವಿರುವುದಿಲ್ಲ. ನೋವು ಕಾಣಿಸುವಷ್ಟರಲ್ಲಿ ಅದು ಬಹಳ ಆಳಕ್ಕೆ ಇಳಿದಿರುತ್ತದೆ. ಆದ್ದರಿಂದ ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಮೊದಲ ತಪಾಸಣೆ ಮಾಡಿಸಿ, ಅನಂತರ ಆರು ತಿಂಗಳಿಗೊಮ್ಮೆ ದಂತವೈದ್ಯರಿಗೆ ತೋರಿಸಿ. ದವಡೆ ಹಲ್ಲಿನ ಆಳವಾದ ಗೆರೆಗಳನ್ನು ಅವರು ಸೀಲಂಟ್ ಎಂಬ ತೆಳು ಲೇಪದಿಂದ ಮುಚ್ಚಿ ಹುಳುಕನ್ನು ತಡೆಯಬಲ್ಲರು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮಕ್ಕಳ ಹಲ್ಲನ್ನೂ ಪರೀಕ್ಷಿಸುತ್ತಾರೆ. ಆ ದಿನ ಮಗುವಿಗೆ ಶಾಲೆ ತಪ್ಪಿಸಬೇಡಿ.

ಪ್ರವಾದಿ ಮುಹಮ್ಮದ್ (ಸ) ಅವರು ಮಿಸ್ವಾಕ್‌ಗೆ ಕೊಟ್ಟ ಮಹತ್ವ ನಮಗೆಲ್ಲ ತಿಳಿದಿದೆ. ಬಾಯಿ ಶುಚಿಯಾಗಿಡುವುದು ನಮ್ಮ ಕೆಲಸ. ಸಂದಿಯಲ್ಲಿ ಅಡಗಿದ ಹುಳುಕನ್ನು ಹುಡುಕುವುದು ವೈದ್ಯರ ಕೆಲಸ. ಎರಡೂ ಬೇಕು.

ವಿದ್ಯಾರ್ಥಿಗಳೇ, ಇಂದು ಮನೆಯಲ್ಲಿ ನಿಮ್ಮ ಪುಟ್ಟ ತಮ್ಮ ತಂಗಿಯರ ಹಲ್ಲು ಎಣಿಸಿ. ಮುಂದಿನ ನಡುಹಲ್ಲಿನಿಂದ ಹಿಂದಕ್ಕೆ ಐದು ಹಾಲುಹಲ್ಲು. ಆರನೆಯದು ಮೂಡಿದ್ದರೆ ಅದು ಜೀವನಪೂರ್ತಿ ಬೇಕಾದ ಹಲ್ಲು ಎಂದು ಅಮ್ಮನಿಗೆ ತಿಳಿಸಿ.