ಮುರಿದ ಹಲ್ಲಿನ ಸೆಟ್ಟಿಗೆ ಗಾಜಿನ ನಾರಿನ ಬಲ

(ಗ್ರಾಮ ಪಂಚಾಯತಿ ಸದಸ್ಯರ ಸಭೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರು ನೀಡಿದ ಉಪನ್ಯಾಸ)



ಬಡ ಕುಟುಂಬಗಳ ಹಿರಿಯ ನಾಗರಿಕರಿಗೆ ಉಚಿತವಾಗಿ ಕೃತಕ ದಂತಪಂಕ್ತಿ ಒದಗಿಸಲು ರಾಜ್ಯ ಸರ್ಕಾರವು ‘ದಂತಭಾಗ್ಯ’ ಯೋಜನೆಯನ್ನು ರೂಪಿಸಿತು. ಆದರೆ ಕೊಟ್ಟ ಸೆಟ್ಟು ಮುರಿದ ಮೇಲೆ ಏನು ಮಾಡಬೇಕೆಂಬುದು ಅನೇಕ ಹಿರಿಯರಿಗೆ ತಿಳಿದಿರುವುದಿಲ್ಲ. ತುಂಡುಗಳನ್ನು ಡಬ್ಬಿಯಲ್ಲಿ ಕಟ್ಟಿಟ್ಟು ಅವರು ಮತ್ತೆ ಗಂಜಿಗೆ ಮರಳುತ್ತಾರೆ.

ಸೆಟ್ಟಿನ ಗುಲಾಬಿ ಬಣ್ಣದ ಭಾಗವು ಅಕ್ರಿಲಿಕ್. 1937ರಿಂದ ದಂತ ವೈದ್ಯಕೀಯದಲ್ಲಿ ಬಳಕೆಯಲ್ಲಿರುವ ಈ ವಸ್ತುವು ಒತ್ತಡವನ್ನು ತಾಳುತ್ತದೆ. ಪದೇ ಪದೇ ಬಾಗಿದರೆ ಬಿರುಕು ಬಿಡುತ್ತದೆ. ಮೇಲಿನ ಸೆಟ್ಟು ಹೆಚ್ಚಾಗಿ ನಟ್ಟನಡುವೆ ಸೀಳುವುದು ಇದರಿಂದಲೇ. ಪುಡಿ ಮತ್ತು ದ್ರವ ಬೆರೆಸಿದ ಅಕ್ರಿಲಿಕ್‌ನಿಂದ ಬೆಸೆಯಬಹುದಾದರೂ ಆ ಬೆಸುಗೆಗೆ ಮೂಲ ಸೆಟ್ಟಿನಷ್ಟು ಬಲವಿರದ ಕಾರಣ ಅದು ಪುನಃ ಅಲ್ಲಿಯೇ ಮುರಿಯುವ ಸಂಭವ ಹೆಚ್ಚು.

ಇದಕ್ಕೆ ಪರಿಹಾರವು ಗಾಜಿನ ನಾರು. ಕೇಣಿಯ ಕಡಲತೀರದಲ್ಲಿ ಫೈಬರ್ ದೋಣಿಗಳನ್ನು ನೋಡಿದವರಿಗೆ ಇದು ಹೊಸತಲ್ಲ: ರಾಳದೊಳಗೆ ಹುದುಗಿದ ಗಾಜಿನ ನಾರೇ ದೋಣಿಯ ಮೈಗೆ ಬಲ ನೀಡುತ್ತದೆ. ಕಾಂಕ್ರೀಟ್ ತೊಲೆಯಲ್ಲಿ ಕಬ್ಬಿಣದ ಸರಳು ಮಾಡುವ ಕೆಲಸವೂ ಇದೇ. ದಂತ ವೈದ್ಯರು ಮುರಿದ ಅಂಚುಗಳನ್ನು ಓರೆಯಾಗಿ ಉಜ್ಜಿ, ಬಿರುಕಿಗೆ ಅಡ್ಡಲಾಗಿ ನಾರನ್ನು ಕೂರಿಸುತ್ತಾರೆ. ಬಿರುಕಿನ ಗುಂಟ ಉದ್ದಕ್ಕೆ ಇಟ್ಟರೆ ಪ್ರಯೋಜನವಿಲ್ಲ. ನಾರು ಅಕ್ರಿಲಿಕ್ ದ್ರವದಲ್ಲಿ ಪೂರ್ತಿ ನೆನೆದಿರಬೇಕು. ಒಣ ನಾರಿನ ಸುತ್ತ ಟೊಳ್ಳು ಉಳಿದು ಬಲ ಕುಂದುತ್ತದೆ. ಕೊನೆಗೆ ನಾರು ಹೊರಗೆ ಕಾಣದಂತೆ ಮುಚ್ಚಬೇಕು. ಇಲ್ಲವಾದರೆ ನಾಲಿಗೆಗೆ ಚುಚ್ಚುತ್ತದೆ.

ಒಸಡು ಕುಗ್ಗಿ ಸೆಟ್ಟು ಅಲುಗಾಡುತ್ತಿದ್ದರೆ ನಾರೊಂದೇ ಸಾಲದು. ಒಳಪದರವನ್ನೂ ಸರಿಪಡಿಸಿಕೊಳ್ಳಬೇಕು.

ಸದಸ್ಯರಲ್ಲಿ ನನ್ನ ವಿನಂತಿ ಮೂರು. ಒಂದು, ದೋಣಿಯ ರಾಳವನ್ನಾಗಲಿ ಅಂಗಡಿಯ ದಿಢೀರ್ ಅಂಟನ್ನಾಗಲಿ ಸೆಟ್ಟಿಗೆ ಹಚ್ಚಬಾರದೆಂದು ನಿಮ್ಮ ವಾರ್ಡಿನ ಹಿರಿಯರಿಗೆ ತಿಳಿಸಿರಿ. ಅವು ಬಾಯಿಗೆ ತಕ್ಕವಲ್ಲ, ತಪ್ಪಾಗಿ ಅಂಟಿದ ತುಂಡುಗಳನ್ನು ಮತ್ತೆ ಹೊಂದಿಸುವುದೂ ಕಷ್ಟ. ಎರಡು, ಚಿಕ್ಕ ಚೂರನ್ನೂ ಬಿಡದೆ ಎಲ್ಲ ತುಂಡುಗಳನ್ನು ದಂತ ವೈದ್ಯರಿಗೆ ತೋರಿಸಿ, ನಾರು ಸೇರಿಸಿ ದುರಸ್ತಿ ಮಾಡಲು ಸಾಧ್ಯವೇ ಎಂದು ಕೇಳುವಂತೆ ಹೇಳಿರಿ. ಮೂರು, ಆಶಾ ಕಾರ್ಯಕರ್ತೆಯರ ನೆರವಿನಿಂದ ಮುರಿದ ಸೆಟ್ಟುಳ್ಳವರ ಪಟ್ಟಿ ಮಾಡಿ ಮುಂದಿನ ಗ್ರಾಮಸಭೆಯಲ್ಲಿ ಮಂಡಿಸಿರಿ.

ರಸ್ತೆ, ಚರಂಡಿಗಳ ದುರಸ್ತಿಯನ್ನು ನಾವು ಕ್ರಿಯಾಯೋಜನೆಯಲ್ಲಿ ಬರೆಯುತ್ತೇವೆ. ಹಿರಿಯರು ಅಗಿದು ಉಣ್ಣುವ ತುತ್ತಿಗೂ ಅಷ್ಟೇ ಗಮನ ಸಲ್ಲಲಿ.