ಎಳನೀರಿನ ಅಂಗಡಿಗೂ ತಲುಪಲಿ ಈ ಅನುಕೂಲ



ಹೊಸಪೇಟೆಯಲ್ಲಿ ಸೇರಿರುವ ಈ ಪ್ರವಾಸೋದ್ಯಮಿಗಳ ಸಮಾವೇಶಕ್ಕೆ ನನ್ನನ್ನು ಅಧ್ಯಕ್ಷನನ್ನಾಗಿ ಆರಿಸಿದ್ದೀರಿ. ರಸ್ತೆ, ಶೌಚಾಲಯ, ಪ್ರಚಾರ, ಸ್ಮಾರಕಗಳ ರಕ್ಷಣೆ ಇವೆಲ್ಲಕ್ಕೂ ಬೇರೆ ಬೇರೆ ಗೋಷ್ಠಿಗಳಿವೆ, ಅಲ್ಲಿ ತಿಳಿದವರು ಮಾತಾಡುತ್ತಾರೆ. ನಾನು ಒಂದೇ ವಿಷಯ ಎತ್ತಿಕೊಳ್ಳುತ್ತೇನೆ. ಹೊರದೇಶದಿಂದ ಬಂದ ಅತಿಥಿ ನಮ್ಮೂರಿನಲ್ಲಿ ದುಡ್ಡು ಕೊಡುವುದು ಹೇಗೆ?

ಇದೂ ಒಂದು ಪ್ರಶ್ನೆಯೇ ಎಂದು ಕೆಲವರಿಗೆ ಅನ್ನಿಸಬಹುದು. 2016ರ ಏಪ್ರಿಲ್‌ನಲ್ಲಿ ಶುರುವಾದ ಯುಪಿಐನಲ್ಲಿ 2025ರ ಆಗಸ್ಟ್ ತಿಂಗಳೊಂದರಲ್ಲೇ 2,000 ಕೋಟಿಗೂ ಹೆಚ್ಚು ವಹಿವಾಟು ನಡೆದಿದೆ. ಮಿರ್ಚಿ ಬಜ್ಜಿ ಗಾಡಿಯಿಂದ ಹಿಡಿದು ಚಿನ್ನದಂಗಡಿಯವರೆಗೆ ಸ್ಕ್ಯಾನರ್ ಇಲ್ಲದ ಜಾಗವಿಲ್ಲ. ನಾವೆಲ್ಲ ಪರ್ಸು ಮನೆಯಲ್ಲೇ ಬಿಟ್ಟು ಓಡಾಡುತ್ತೇವೆ. ಆದರೆ ಹೀಗಾದ ಮೇಲೆ ಅಂಗಡಿಯವರು ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆ ಇಡುವುದನ್ನೇ ಕಡಿಮೆ ಮಾಡಿದರು. ಇಲ್ಲಿಯ ಬ್ಯಾಂಕ್ ಖಾತೆಯೂ ಇಲ್ಲಿಯ ಫೋನ್ ನಂಬರೂ ಇಲ್ಲದ ಮನುಷ್ಯ ಎಟಿಎಂನಿಂದ ತೆಗೆದ ಐನೂರರ ನೋಟು ಹಿಡಿದು ನಿಂತರೆ, "ಚಿಲ್ಲರೆ ಇಲ್ರೀ" ಅನ್ನುವುದು ಮೊದಲಿಗಿಂತ ಹೆಚ್ಚಾಗಿದೆ. ನಮಗೆ ಬಂದ ಸುಖ ಅವರಿಗೆ ಕಷ್ಟವಾಗಿದೆ.

ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಇತ್ತೀಚೆಗೆ ನಾನೇ ಕಂಡದ್ದನ್ನು ಹೇಳುತ್ತೇನೆ. ವಯಸ್ಸಾದ ಜರ್ಮನ್ ದಂಪತಿ ಎರಡು ಎಳನೀರು ಕುಡಿದರು. ಬೆಂಗಳೂರು ವಿಮಾನ ನಿಲ್ದಾಣದಲ್ಲೇ ಪಾಸ್‌ಪೋರ್ಟು, ವೀಸಾ ತೋರಿಸಿ ಯುಪಿಐ ವ್ಯಾಲೆಟ್ ಮಾಡಿಸಿಕೊಂಡಿದ್ದರು. ಉತ್ಸಾಹದಿಂದ ಸ್ಕ್ಯಾನ್ ಮಾಡಿದರು. ಹಣ ಹೋಗಲಿಲ್ಲ. ಮತ್ತೆ ಮಾಡಿದರು, ಹೋಗಲಿಲ್ಲ. ಫೋನಿನ ಪರದೆಯನ್ನು ಎಳನೀರು ಮಾರುವ ತಾಯಿಗೆ ತೋರಿಸುತ್ತಾರೆ, ಆಕೆಗೆ ಇಂಗ್ಲಿಷ್ ಬಾರದು. ದಂಪತಿಯ ಮುಖದಲ್ಲಿ ಸಂಕೋಚ, ಆಕೆಯ ಮುಖದಲ್ಲಿ ಗಾಬರಿ. ಕೊನೆಗೆ ಜೊತೆಯಲ್ಲಿದ್ದ ಗೈಡ್ ತನ್ನ ಫೋನಿನಿಂದ ಕೊಟ್ಟು, ಸಂಜೆ ಲೆಕ್ಕಕ್ಕೆ ಸೇರಿಸಿಕೊಂಡ. ಇಲ್ಲಿ ಕುಳಿತಿರುವ ಗೈಡ್‌ಗಳಿಗೆ ಇದು ದಿನನಿತ್ಯದ ಮಾತು. ಬಾಳೆಹಣ್ಣಿಗೆ, ಚಹಾಕ್ಕೆ, ಹರಿಗೋಲಿಗೆ, ಚಪ್ಪಲಿ ಕಾಯುವವರಿಗೆ ಎಲ್ಲಕ್ಕೂ ಗೈಡ್ ಕೊಡಬೇಕು, ಬರೆದಿಡಬೇಕು, ಸಂಜೆ ಕೇಳಬೇಕು. ಕೇಳುವಾಗ ಅತಿಥಿಗೆ ಒಂದು ಸಣ್ಣ ಅನುಮಾನ ಹುಟ್ಟಿದರೂ ಆ ದಿನದ ದುಡಿಮೆಯ ಮರ್ಯಾದೆ ಹೋಯಿತು.

ಹಣ ಏಕೆ ಹೋಗಲಿಲ್ಲ? ಕಾರಣ ಸರಳವಾಗಿದೆ, ಆದರೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. 2023ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ವಿದೇಶಿ ಪ್ರವಾಸಿಗರಿಗೂ ಯುಪಿಐ ಬಳಸಲು ಅವಕಾಶ ಕೊಟ್ಟಿತು. ಮೊದಲು ಜಿ20 ದೇಶಗಳಿಂದ ಬಂದವರಿಗೆ, ಆಯ್ದ ವಿಮಾನ ನಿಲ್ದಾಣಗಳಲ್ಲಿ. ಆಮೇಲೆ ಯುಪಿಐ ಒನ್ ವರ್ಲ್ಡ್ ಎಂಬ ಹೆಸರಿನಲ್ಲಿ ಇದು ಬೇರೆ ದೇಶಗಳವರಿಗೂ ತೆರೆಯಿತು. ಅತಿಥಿ ತನ್ನ ಕಾರ್ಡಿನಿಂದಲೋ ವಿದೇಶಿ ನೋಟು ಕೊಟ್ಟೋ ವ್ಯಾಲೆಟ್‌ಗೆ ರೂಪಾಯಿ ತುಂಬಿಸಿಕೊಳ್ಳಬಹುದು, ಉಳಿದದ್ದನ್ನು ಹಿಂದೆ ಪಡೆಯಬಹುದು. ಒಳ್ಳೆಯ ವ್ಯವಸ್ಥೆ. ಆದರೆ ಈ ವ್ಯಾಲೆಟ್‌ನಿಂದ ವ್ಯಾಪಾರಿಗೆ ಮಾತ್ರ ಹಣ ಕೊಡಬಹುದು, ಖಾಸಗಿ ವ್ಯಕ್ತಿಗೆ ಕಳಿಸುವಂತಿಲ್ಲ. ಹಣ ಅಡ್ಡದಾರಿ ಹಿಡಿಯಬಾರದೆಂದು ಮಾಡಿದ ನಿಯಮ, ಅದರಲ್ಲಿ ತಪ್ಪೇನಿಲ್ಲ. ಆ ತಾಯಿಯ ಅಂಗಡಿಯ ಸ್ಕ್ಯಾನರ್ ಆಕೆಯ ಮಗನ ಸ್ವಂತ ಖಾತೆಯದು. ನೋಡಲು ಎಲ್ಲ ಸ್ಕ್ಯಾನರ್‌ಗಳೂ ಒಂದೇ ಥರ, ಆದರೆ ಒಳಗೆ ಅದು ವ್ಯಾಪಾರಿ ಖಾತೆಯಾಗಿರಲಿಲ್ಲ.

ಬಂಧುಗಳೇ, ಐದಾರು ಸಾವಿರದ ರೂಮು ಬಾಡಿಗೆ ಕೊಡಲು ವಿದೇಶಿಯರಿಗೆ ಯಾವ ತೊಂದರೆಯೂ ಇಲ್ಲ. ನನ್ನ ಲಾಡ್ಜಿನಲ್ಲೂ ಕಾರ್ಡ್ ಮಷಿನ್ ಇದೆ, ನಿಮ್ಮಲ್ಲೂ ಇದೆ. ತೊಂದರೆ ಇರುವುದು ಇಪ್ಪತ್ತು, ಐವತ್ತು, ನೂರು ರೂಪಾಯಿಯ ಜಾಗದಲ್ಲಿ. ಕ್ಯಾಶ್‌ಲೆಸ್ ಎಂದು ನಾವು ಎಷ್ಟೇ ಹೇಳಿಕೊಂಡರೂ ಇವತ್ತು ಪ್ರವಾಸಿಗರ ದುಡ್ಡು ದೊಡ್ಡವರಲ್ಲಿ ಸಲೀಸಾಗಿ ಸೇರುತ್ತಿದೆ, ಬಡವರ ಬಾಗಿಲಲ್ಲಿ ನಿಂತು ಹಿಂದಿರುಗುತ್ತಿದೆ. ನನ್ನ ಮನಸ್ಸನ್ನು ಕೊರೆಯುತ್ತಿರುವುದು ಇದೇ.

1443ರಲ್ಲಿ ಇದೇ ನೆಲಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಅರಮನೆ, ಬಜಾರುಗಳನ್ನು ಬಣ್ಣಿಸಿದ್ದು ನಿಮಗೆ ಗೊತ್ತು. ಅವನು ವರಹ, ಪ್ರತಾಪ, ಹಣ ಎಂಬ ಚಿನ್ನದ ನಾಣ್ಯಗಳನ್ನೂ, ಅವಕ್ಕಿಂತ ಕೆಳಗಿನ ಬೆಳ್ಳಿ, ತಾಮ್ರದ ನಾಣ್ಯಗಳನ್ನೂ, ಯಾವುದಕ್ಕೆ ಯಾವುದು ಎಷ್ಟು ಪಾಲು ಎಂಬುದನ್ನೂ ಬರೆದಿಟ್ಟಿದ್ದಾನೆ. ಪರಸ್ಥಳದಲ್ಲಿರುವವನಿಗೆ ಚಿಲ್ಲರೆಯ ಲೆಕ್ಕ ಎಷ್ಟು ಮುಖ್ಯ ಎಂಬುದಕ್ಕೆ ಅದೇ ಸಾಕ್ಷಿ. ಚಿನ್ನದಿಂದ ತಾಮ್ರದವರೆಗೆ ಮೆಟ್ಟಿಲು ಮೆಟ್ಟಿಲಾಗಿ ನಾಣ್ಯವಿದ್ದ ಊರು ಇದು. ಇವತ್ತು ಅತಿಥಿಗೆ ಆ ಕೆಳಗಿನ ಮೆಟ್ಟಿಲೇ ಸಿಗುತ್ತಿಲ್ಲ.

ಹೊರಗಿನವರು ದುಡ್ಡು ಕೊಡಲಾಗದ ಈ ಸಮಸ್ಯೆ ಚೀನಾದಲ್ಲೂ ಬಂದಿತ್ತು. ಅಲ್ಲಿ ಅಲಿಪೇ, ವೀಚಾಟ್ ಇಲ್ಲದೆ ನೂಡಲ್ಸ್ ಕೂಡ ಸಿಗದಂಥ ಸ್ಥಿತಿಯಾಗಿ ಹೊರಗಿನವರು ಒದ್ದಾಡಿದರು. 2023ರಲ್ಲಿ ಆ ಎರಡೂ ಆ್ಯಪ್‌ಗಳು ವಿದೇಶಿ ಕಾರ್ಡುಗಳನ್ನು ನೇರವಾಗಿ ಜೋಡಿಸಿಕೊಳ್ಳಲು ಅವಕಾಶ ವಿಸ್ತರಿಸಿದವು. ಮುಂದಿನ ವರ್ಷ ಒಂದು ಸಲದ ಪಾವತಿ ಮಿತಿ 1,000 ಡಾಲರ್‌ನಿಂದ 5,000 ಡಾಲರ್‌ಗೆ ಏರಿತು. ಮೊದಲೇ ಹಣ ತುಂಬಿಡುವ ರಗಳೆ ಇಲ್ಲ. ಅತಿಥಿಯ ಕಾರ್ಡು ಹಿಂದೆ, ಬೀದಿಯ ಕ್ಯೂಆರ್ ಮುಂದೆ. ಜೊತೆಗೆ ನಗದು ಕೊಟ್ಟರೆ ಬೇಡ ಅನ್ನಬಾರದೆಂದು ಅಲ್ಲಿನ ಕೇಂದ್ರ ಬ್ಯಾಂಕ್ ಒತ್ತಿ ಹೇಳಿತು. ಸಣ್ಣ ನೋಟುಗಳ ಪೊಟ್ಟಣ ಕಟ್ಟಿ ಬ್ಯಾಂಕುಗಳು ಹಂಚಿದವು. ಈ ಕೊನೆಯ ಕೆಲಸ ನನಗೆ ಬಹಳ ಹಿಡಿಸಿತು. ನಮ್ಮ ಬ್ಯಾಂಕುಗಳೂ ಸೀಸನ್ ಶುರುವಾಗುವ ಮೊದಲು ಹಂಪಿ, ಆನೆಗೊಂದಿ, ಗೋಕರ್ಣದ ವ್ಯಾಪಾರಿಗಳಿಗೆ ಹತ್ತು, ಇಪ್ಪತ್ತರ ನೋಟುಗಳ ಕಟ್ಟು ಕೊಡಲಿ ಎಂದು ಈ ವೇದಿಕೆಯಿಂದ ಕೇಳುತ್ತೇನೆ. ಕ್ಯಾಶ್‌ಲೆಸ್ ಬೇಕು ಅನ್ನುವವನು ಕ್ಯಾಶ್ ಬಗ್ಗೆ ಮಾತಾಡುತ್ತಾನಲ್ಲ ಅನ್ನಬೇಡಿ. ನೆಟ್‌ವರ್ಕ್ ಹೋದಾಗ, ಫೋನ್ ಆಫ್ ಆದಾಗ ಮನುಷ್ಯನಿಗೆ ಇನ್ನೊಂದು ದಾರಿ ಇರಬೇಕು.

ಸರ್ಕಾರದ ಕಡೆಯಿಂದ ಆಗಬೇಕಾದದ್ದೂ ಇದೆ. ಹಂಪಿಯ ಸ್ಮಾರಕಗಳ ಟಿಕೆಟ್ ವಿದೇಶಿಯರಿಗೆ ನಗದಾದರೆ 600 ರೂಪಾಯಿ, ಆನ್‌ಲೈನ್ ಆದರೆ 550. ಆ ಐವತ್ತು ರೂಪಾಯಿ ರಿಯಾಯಿತಿ ಅತಿಥಿಗೆ ನಿಜಕ್ಕೂ ಸಿಗಬೇಕಾದರೆ ಅವರ ದೇಶದ ಕಾರ್ಡು ನಮ್ಮ ಕೌಂಟರಿನಲ್ಲೂ ವೆಬ್‌ಸೈಟಿನಲ್ಲೂ ತಕರಾರಿಲ್ಲದೆ ನಡೆಯಬೇಕು. ಒಟಿಪಿ ಬರಲು ಭಾರತದ ಮೊಬೈಲ್ ನಂಬರೇ ಬೇಕು ಎಂದರೆ ನಿನ್ನೆ ರಾತ್ರಿ ವಿಮಾನ ಇಳಿದವರು ಏನು ಮಾಡಬೇಕು? ಲಂಡನ್ನಿನ ಸುರಂಗ ರೈಲಿನಲ್ಲಿ 2014ರಿಂದಲೇ ಯಾವ ದೇಶದವರಾದರೂ ತಮ್ಮ ಕಾಂಟ್ಯಾಕ್ಟ್‌ಲೆಸ್ ಕಾರ್ಡನ್ನು ಗೇಟಿಗೆ ತಾಗಿಸಿ ಒಳಗೆ ಹೋಗುತ್ತಿದ್ದಾರೆ. ನಮ್ಮ ಟಿಕೆಟ್ ಕೌಂಟರ್‌ಗಳಲ್ಲಿ ಅಂಥದೊಂದು ಮಷಿನ್ ಇಡುವುದು ಅಸಾಧ್ಯದ ಮಾತಲ್ಲ. ದೇಶದೇಶಗಳ ತ್ವರಿತ ಪಾವತಿಯನ್ನು ಬೆಸೆಯುವ ನೆಕ್ಸಸ್ ಯೋಜನೆಗೆ 2024ರಲ್ಲಿ ನಮ್ಮ ರಿಸರ್ವ್ ಬ್ಯಾಂಕೂ ಸೇರಿದೆ. ಅದು ಬರುವಾಗ ಬರಲಿ. ಅಲ್ಲಿಯವರೆಗೆ ಕಾಯುತ್ತ ಕೂರುವುದು ಬೇಡ.

ಇನ್ನು ನಮ್ಮ ಅಂಗಳದ ಮಾತು. ವ್ಯಾಪಾರಿ ಸ್ಕ್ಯಾನರ್ ಮಾಡಿಸಿಕೊಳ್ಳಿ ಅಂದರೆ ಹಲವರು ಹಿಂಜರಿಯುತ್ತಾರೆ. ಯಾಕೆಂದು ನನಗೆ ಗೊತ್ತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಸ್ಕ್ಯಾನರ್ ಕಿತ್ತು "ಕ್ಯಾಶ್ ಮಾತ್ರ" ಎಂದು ಚೀಟಿ ಅಂಟಿಸಿದರು. ಆ ಭಯ ಸುಳ್ಳಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ನಿಯಮ ತಿಳಿದುಕೊಳ್ಳೋಣ. ವರ್ಷಕ್ಕೆ ಸರಕಿನ ವ್ಯಾಪಾರ 40 ಲಕ್ಷ, ಸೇವೆಯ ವ್ಯಾಪಾರ 20 ಲಕ್ಷ ದಾಟಿದರೆ ಮಾತ್ರ ಸಾಮಾನ್ಯವಾಗಿ ನೋಂದಣಿಯ ಪ್ರಶ್ನೆ. ದಿನಕ್ಕೆ ಒಂದೆರಡು ಸಾವಿರ ದುಡಿಯುವ ಎಳನೀರಿನ ತಾಯಿ, ಹರಿಗೋಲಿನ ಅಣ್ಣ ಆ ಗೆರೆಯ ಹತ್ತಿರವೂ ಬರುವುದಿಲ್ಲ. ತೆರಿಗೆ ಇಲಾಖೆಯವರು ಇದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಅಂಗಡಿ ಅಂಗಡಿಗೆ ಹಂಚಿದರೆ ಅರ್ಧ ಭಯ ಕರಗುತ್ತದೆ.

ಹೋಟೆಲ್ ಮಾಲೀಕರಲ್ಲಿ ಒಂದು ಬೇಡಿಕೆ. ವಿದೇಶಿ ಕಾರ್ಡು ಹಾಕಿದಾಗ ಮಷಿನ್ ಕೆಲವೊಮ್ಮೆ ರೂಪಾಯಿಯಲ್ಲೋ ಅತಿಥಿಯ ದೇಶದ ಹಣದಲ್ಲೋ ಎಂದು ಕೇಳುತ್ತದೆ. ಅವರ ಹಣದಲ್ಲಿ ಎಂದು ಒತ್ತಿದರೆ ಸಾಮಾನ್ಯವಾಗಿ ಅವರಿಗೆ ನಷ್ಟ. ನಮ್ಮ ಹುಡುಗರು ಆತುರದಲ್ಲಿ ತಾವೇ ಗುಂಡಿ ಒತ್ತಿಬಿಡುತ್ತಾರೆ. ಮಷಿನನ್ನು ಅತಿಥಿಯ ಕಡೆ ತಿರುಗಿಸಿ, ಅವರೇ ಆರಿಸಲಿ. ಕಾರ್ಡಿಗೆಂದು ಬಿಲ್ಲಿನ ಮೇಲೆ ಶೇಕಡಾ ಇಷ್ಟು ಸೇರಿಸುವುದನ್ನೂ ಬಿಡೋಣ. ಸೇರಿಸಲೇಬೇಕಾದ ಖರ್ಚಿದ್ದರೆ ರೂಮು ಕೊಡುವ ಮೊದಲೇ ಬಾಡಿಗೆಯಲ್ಲಿ ತೋರಿಸಿ. ರಿಸೆಪ್ಷನ್‌ನಲ್ಲಿ ಒಬ್ಬರಾದರೂ ವ್ಯಾಲೆಟ್ ಬಳಸುವುದನ್ನು ಅತಿಥಿಗೆ ಕೂತು ತೋರಿಸಿಕೊಡುವಂತಿರಲಿ. ಮೈಸೂರಿನ ಗೋಕುಲಂಗೆ ಯೋಗ ಕಲಿಯಲು ಬಂದು ತಿಂಗಳುಗಟ್ಟಲೆ ಇರುವವರು ಇದನ್ನು ಹೇಗೋ ಕಲಿತುಕೊಳ್ಳುತ್ತಾರೆ. ಎರಡು ರಾತ್ರಿ ಹಂಪಿಯಲ್ಲಿದ್ದು ಬಾದಾಮಿ, ಪಟ್ಟದಕಲ್ಲಿಗೆ ಹೋಗುವವರಿಗೆ ಕಲಿಯಲು ಪುರಸೊತ್ತಿಲ್ಲ.

ಈ ಸಭಾಂಗಣದ ಹಿಂದಿನ ಕೋಣೆಯಲ್ಲಿ ಇವತ್ತು ಮತ್ತು ನಾಳೆ ಬ್ಯಾಂಕಿನವರು ಕೂತಿರುತ್ತಾರೆ. ಆಧಾರ್, ಪ್ಯಾನ್, ಪಾಸ್‌ಬುಕ್ ತಂದವರಿಗೆ ವ್ಯಾಪಾರಿ ಸ್ಕ್ಯಾನರ್ ಅರ್ಜಿ ಅಲ್ಲೇ ತುಂಬಿಕೊಡುತ್ತಾರೆ. ಈಗಿರುವ ಸ್ಕ್ಯಾನರ್ ಯಾವ ಬಗೆಯದು ಎಂದು ನೋಡಿ ಹೇಳುತ್ತಾರೆ. ಅದಕ್ಕೆ ದುಡ್ಡಿಲ್ಲ. ಗೈಡ್ ಮಿತ್ರರೇ, ನೀವು ದಿನಾ ಅತಿಥಿಗಳನ್ನು ಕರೆದೊಯ್ಯುವ ಅಂಗಡಿಗಳವರಿಗೆ ಫೋನ್ ಮಾಡಿ. ಅಂಗಡಿ ಬಿಟ್ಟು ಬರಲಾಗದವರ ಹೆಸರು ಬರೆಸಿ, ಸಮಾವೇಶ ಮುಗಿದ ಮೇಲೆ ನಮ್ಮ ಸ್ವಯಂಸೇವಕರು ಅವರಿದ್ದಲ್ಲಿಗೇ ಹೋಗುತ್ತಾರೆ. ವಿಠ್ಠಲ ದೇವಸ್ಥಾನದ ದಾರಿಯಿಂದ ಶುರು ಮಾಡೋಣ ಎಂದು ನಾನು ಸೂಚಿಸಿದ್ದೇನೆ.

ಮೊದಲ ಗೋಷ್ಠಿಯವರು ವೇದಿಕೆಗೆ ಬರಬೇಕೆಂದು ಕೋರುತ್ತೇನೆ.