ಮೊದಲು ಸಮಸ್ಯೆ, ಆಮೇಲೆ ಪಾಠ

(ಟ್ರಸ್ಟಿನ ವಿದ್ಯಾರ್ಥಿ ವೇತನ ವಿತರಣಾ ಸಭೆಯಲ್ಲಿ ಪ್ರೌಢಶಾಲಾ ಶಿಕ್ಷಕರೊಬ್ಬರು ಮಾಡಿದ ಭಾಷಣ)





ಇವತ್ತು ವಿದ್ಯಾರ್ಥಿ ವೇತನ ಪಡೆದ ಎಲ್ಲ ಮಕ್ಕಳಿಗೂ ಮುಬಾರಕ್. ನಿಮ್ಮ ಅಂಕಪಟ್ಟಿಗಳನ್ನು ನೋಡಿ ಸಂತೋಷವಾಯಿತು. ಆದರೂ ಮೇಷ್ಟ್ರಾದ ನನ್ನನ್ನು ಒಂದು ಪ್ರಶ್ನೆ ಕಾಡುತ್ತದೆ. ಆಹಾರ ಸರಪಳಿಯ ಚಿತ್ರ ಬರೆದು ಪೂರ್ತಿ ಅಂಕ ತೆಗೆದ ಮಗು, ಮನೆಯ ಹಸುವನ್ನು ಹುಲಿ ಹಿಡಿದ ದಿನ ಅಪ್ಪನಿಗೆ ಏನು ಹೇಳಬಲ್ಲದು?

ಇದು ಕಲ್ಪನೆಯ ಮಾತಲ್ಲ. 2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ, ಮೀಣ್ಯಂ ಕಾಡಿನಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು ಎಂಬ ವಿಚಾರ ತನಿಖೆಯಲ್ಲಿ ಹೊರಬಂತು. ಬಂಧನಗಳಾದವು. ಹಸು ಹೋಯಿತು, ಐದು ಹುಲಿಗಳು ಹೋದವು, ಮನೆಗಳೂ ಕಷ್ಟಕ್ಕೆ ಸಿಕ್ಕಿದವು. ಯಾರು ತಪ್ಪಿತಸ್ಥರು ಎಂದು ನ್ಯಾಯಾಲಯ ಹೇಳಲಿ. ಶಾಲೆಯವರಾದ ನಾವು ಕೇಳಿಕೊಳ್ಳಬೇಕಾದದ್ದು ಬೇರೆ: ಆ ಸಿಟ್ಟಿನ ಹೊತ್ತಿನಲ್ಲಿ ಬೇರೊಂದು ದಾರಿ ತೋರಿಸುವ ಕಲಿಕೆಯನ್ನು ನಾವು ಮಕ್ಕಳಿಗೆ ಕೊಟ್ಟಿದ್ದೇವೆಯೇ?

ಸಮಸ್ಯೆ ಆಧಾರಿತ ಕಲಿಕೆ ಎಂಬ ಕ್ರಮವೊಂದಿದೆ. 1969ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಇದನ್ನು ಶುರುಮಾಡಿತು. ಮೊದಲು ಪುಸ್ತಕ, ಕೊನೆಗೆ ರೋಗಿ ಎಂಬ ಪದ್ಧತಿಯನ್ನು ಬಿಟ್ಟು, ರೋಗಿಯ ತೊಂದರೆಯನ್ನೇ ಮೊದಲು ವಿದ್ಯಾರ್ಥಿಗಳ ಮುಂದಿಟ್ಟರು. ಅದನ್ನು ಬಿಡಿಸಲು ಬೇಕಾದ ಪಾಠವನ್ನು ಅವರು ಹುಡುಕಿಕೊಂಡು ಓದಿದರು.

ನಮಗೂ ಇದು ಹೊರಗಿನ ಸರಕೇನಲ್ಲ. ಸುಮಾರು 1,200 ವರ್ಷಗಳ ಹಿಂದೆ ಬಾಗ್ದಾದಿನಲ್ಲಿ ಅಲ್-ಖ್ವಾರಿಝ್ಮಿ ಬರೆದ ಗ್ರಂಥದ ಹೆಸರಿನಲ್ಲಿದ್ದ 'ಅಲ್-ಜಬ್ರ್' ಎಂಬ ಪದದಿಂದಲೇ ಆಲ್ಜೀಬ್ರಾ ಎಂಬ ಹೆಸರು ಬಂತು. ಆ ಗ್ರಂಥದ ದೊಡ್ಡದೊಂದು ಭಾಗ ಮೀರಾಸ್ ಮತ್ತು ವಸಿಯ್ಯತ್ತಿನ ಲೆಕ್ಕಗಳೇ. ಸತ್ತವನ ಆಸ್ತಿಯಲ್ಲಿ ಯಾರಿಗೆ ಎಷ್ಟು ಪಾಲು ಎಂಬ ಮನೆಮನೆಯ ಪ್ರಶ್ನೆಗೆ ಆ ಗಣಿತ ನೆರವಾಯಿತು. ನಾವೋ ಆ ಪ್ರಶ್ನೆಯನ್ನು ಬಿಟ್ಟು ಬರೀ ಸೂತ್ರವನ್ನು ಬಾಯಿಪಾಠ ಮಾಡಿಸುತ್ತಿದ್ದೇವೆ.

ತರಗತಿಯಲ್ಲಿ ಇದನ್ನು ಮಾಡುವುದು ಹೇಗೆ? ಐದಾರು ಮಕ್ಕಳ ಗುಂಪು ಮಾಡಿ. ಒಂದೇ ಪ್ರಶ್ನೆ ಕೊಡಿ: 'ಹುಲಿ ಹಸು ಹಿಡಿದಿದೆ, ಮಾರನೆಯ ದಿನ ಈ ಮನೆಯವರು ಏನು ಮಾಡಬೇಕು?' ಕಪ್ಪುಹಲಗೆಯಲ್ಲಿ ಮೂರು ಅಂಕಣ ಎಳೆಯಿರಿ. ನಮಗೆ ಗೊತ್ತಿರುವುದೇನು, ತಿಳಿಯಬೇಕಾದದ್ದೇನು, ಅದನ್ನು ಯಾರನ್ನು ಕೇಳಬೇಕು ಅಥವಾ ಎಲ್ಲಿ ಓದಬೇಕು.

ಆಗ ಪಾಠಗಳು ತಾವಾಗಿಯೇ ಬರುತ್ತವೆ. ಒಂದು ಹಸುವಿಗೆ ಹಾಕಿದ ವಿಷ ಐದು ಹುಲಿಗಳನ್ನು ಹೇಗೆ ಕೊಂದಿತು? ಇದು ವಿಜ್ಞಾನ. ದಿನಕ್ಕೆ 4 ಲೀಟರ್ ಕರೆಯುವ ಹಸು, ಡೇರಿಯಲ್ಲಿ ಲೀಟರಿಗೆ 32 ರೂಪಾಯಿ ಎಂದಿಟ್ಟುಕೊಂಡರೆ 90 ದಿನಕ್ಕೆ ಹೋದದ್ದು 11,520 ರೂಪಾಯಿ. ಇದು ಗಣಿತ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಏನು ಹೇಳುತ್ತದೆ? ಇದು ಸಮಾಜ ವಿಜ್ಞಾನ. ಪರಿಹಾರಕ್ಕಾಗಿ ಅರಣ್ಯ ಇಲಾಖೆಗೆ ಅರ್ಜಿ ಬರೆಯುವುದು ಹೇಗೆ? ಇದು ಕನ್ನಡ. ಫಾರೆಸ್ಟ್ ಗಾರ್ಡ್ ಅವರನ್ನೂ ದನ ಮೇಯಿಸುವ ಅಜ್ಜನನ್ನೂ ಶಾಲೆಗೆ ಕರೆಸಿ ಮಕ್ಕಳೇ ಪ್ರಶ್ನೆ ಕೇಳಲಿ. ಮೇಷ್ಟ್ರು ಉತ್ತರ ಹೇಳುವ ಆತುರ ಪಡಬಾರದು. ಕೊನೆಗೆ ಪ್ರತಿ ಗುಂಪೂ ತನ್ನ ದಾರಿಯನ್ನು ಎಲ್ಲರ ಮುಂದೆ ವಿವರಿಸಬೇಕು, ಉಳಿದವರು ಅದರ ತಪ್ಪು ಒಪ್ಪು ಹೇಳಬೇಕು.

'ಪಠ್ಯ ಮುಗಿಯುವುದು ಯಾವಾಗ ಸಾರ್?' ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮಗ್ಗಿ, ಓದು, ಬರಹಕ್ಕೆ ಅಭ್ಯಾಸ ಬೇಕೇ ಬೇಕು. ಬುನಾದಿ ಇಲ್ಲದ ಮಗುವನ್ನು ಸಮಸ್ಯೆಯ ಮುಂದೆ ಒಂಟಿಯಾಗಿ ನಿಲ್ಲಿಸಿದರೆ ಅದು ದಿಕ್ಕು ತಪ್ಪುತ್ತದೆ. ಅದಕ್ಕೆ ನಾನು ಕೇಳುವುದು ಇಡೀ ವರ್ಷವನ್ನಲ್ಲ, ಎರಡು ತಿಂಗಳಿಗೆ ಒಂದು ಸಮಸ್ಯೆಯನ್ನು ಮಾತ್ರ. ಇದೆಲ್ಲ ದೊಡ್ಡ ಶಾಲೆಗಳಿಗೆ ಎನ್ನುವವರು ನೆನಪಿಡಲಿ: ಮಕ್ಕಳು ತಾವೇ ಮಾಡಿ ಕಲಿಯುವ ನಲಿ-ಕಲಿ 1995ರಲ್ಲಿ ಶುರುವಾದದ್ದು ನಮ್ಮಂತೆಯೇ ಕಾಡಂಚಿನ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ.

ತಾಯಂದಿರೇ, ಮಗು ಮನೆಗೆ ಬಂದು ಹಾಲಿನ ಲೆಕ್ಕ ಕೇಳಿದರೆ, ಪಹಣಿ ತೋರಿಸು ಎಂದರೆ, 'ಸುಮ್ಮನೆ ಓದ್ಕೋ ಹೋಗು' ಎಂದು ಗದರಬೇಡಿ. ಅದೂ ಓದೇ.

ಟ್ರಸ್ಟಿನ ಹಿರಿಯರಲ್ಲಿ ಒಂದು ವಿನಂತಿ. ಮುಂದಿನ ಸಾಲಿನ ವಿದ್ಯಾರ್ಥಿ ವೇತನದ ಅರ್ಜಿಯಲ್ಲಿ ಅಂಕಗಳ ಜೊತೆಗೆ ಒಂದು ಪುಟ ಖಾಲಿ ಬಿಡಿ. 'ನಿಮ್ಮ ಊರಿನ ಒಂದು ಸಮಸ್ಯೆ ಯಾವುದು? ಅದರ ಬಗ್ಗೆ ಯಾರನ್ನು ಕೇಳಿದಿರಿ? ಏನು ತಿಳಿಯಿತು?' ಎಂದು ಕೇಳಿ. ಆ ಪುಟಕ್ಕೆ ಅಂಕ ಬೇಡ, ಆದರೆ ಅದನ್ನು ಓದಿ. ಶೇಕಡಾ 60 ಪಡೆದ ಯಾವುದೋ ಮಗು ಅಲ್ಲಿ ನಮಗೆಲ್ಲ ಪಾಠ ಹೇಳೀತು.

ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕರವಾದ ಜ್ಞಾನವನ್ನು ಕರುಣಿಸಲಿ. ಆಮೀನ್.